ಬದಲಿ ಓಟಗಾರನನ್ನು ಕರೆಯುವ ಹೊತ್ತು

ಕಳೆದ ಜನವರಿಯ ಒಂದು ಭಾನುವಾರ ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನದಲ್ಲಿ ನಮ್ಮ ವರ್ತಕ ಮಿತ್ರರು ಸೇರಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸಿದ್ದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ನಾಲ್ಕು ತಂಡಗಳು. ಆಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐವತ್ತು ದಾಟಿದವರು. ಮೊಣಕಾಲು ನೋವಿನ ಕಾರಣದಿಂದ ನನ್ನ ಪಾಲಿಗೆ ಸ್ಕೋರು ಬರೆಯುವ ಕೆಲಸ ಬಂದಿತ್ತು. ಹಿರಿಯೂರಿನವರ ವಿರುದ್ಧ ಹೊಸದುರ್ಗದವರಿಗೆ ಕೊನೆಯ ಎರಡು ಓವರುಗಳಲ್ಲಿ 14 ರನ್ನುಗಳು ಬೇಕಾಗಿದ್ದವು. ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಚೆನ್ನಾಗಿ ಬ್ಯಾಟು ಬೀಸುತ್ತಿದ್ದರು. ಆದರೆ ಅವರ ಮೀನಖಂಡ ಹಿಡಿದುಕೊಂಡಿತು. ಅಂಪೈರರನ್ನು ಕೇಳಿ, ಎದುರು ತಂಡದವರ ಒಪ್ಪಿಗೆಯನ್ನೂ ಪಡೆದು, ಅಂಗಡಿಯ ಹುಡುಗನೊಬ್ಬನನ್ನು ರನ್ನರ್ ಆಗಿ ಕರೆಸಿಕೊಂಡರು. ಮುಂದಿನ ಚೆಂಡನ್ನು ಅವರು ದೂರಕ್ಕೆ ಹೊಡೆದರು. ಹುಡುಗ ಓಡಿದ, ಆಚೆ ತುದಿಯವರು ಓಡಿದರು, ನಲವತ್ತು ವರ್ಷಗಳ ಅಭ್ಯಾಸಬಲದಿಂದ ಆ ಹಿರಿಯರೂ ಕುಂಟುತ್ತ ಓಡಿದರು! ಕೀಪರ್ ಸಾವಕಾಶವಾಗಿ ವಿಕೆಟ್ ಕೆಡವಿದರು. ಹಿರಿಯರು ಔಟ್, ಹುಡುಗ ಓಡಿ ಗಳಿಸಿದ ರನ್ನೂ ಲೆಕ್ಕಕ್ಕಿಲ್ಲ.

ಮೈದಾನವೆಲ್ಲ ನಕ್ಕಿತು, ಔಟಾದವರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹಿಂದಿರುಗುವಾಗ ಆ ನಗು ನನ್ನ ಕಡೆಗೇ ತಿರುಗಿತು. ಮೂವತ್ತೈದು ವರ್ಷಗಳಿಂದ ಅಡಿಕೆ ಮಂಡಿ ನಡೆಸುತ್ತಿರುವ ನಾನು ಕಳೆದ ಆರು ವರ್ಷಗಳಿಂದ ಮಗನನ್ನು ಓಡಲು ಬಿಟ್ಟು, ಅವನ ಜೊತೆಗೆ ನಾನೂ ಓಡುತ್ತಿದ್ದೇನಲ್ಲವೆ? ಆ ವಿಚಾರವನ್ನೇ ಇಲ್ಲಿ ಮಾನ್ಯ ಓದುಗರ ಮುಂದಿಡಲು ಬಯಸುತ್ತೇನೆ. ಇದು ಆಟದ ಲೇಖನವೋ ವ್ಯಾಪಾರದ ಲೇಖನವೋ ಎಂದು ಸಂಪಾದಕರು ಕೇಳಿದರು. ಎರಡೂ ಹೌದು ಎಂದು ಉತ್ತರಿಸಿದ್ದೇನೆ.

ಒಬ್ಬರ ಪರವಾಗಿ ಇನ್ನೊಬ್ಬರು ಓಡುವ ಏರ್ಪಾಡು ಆಟಗಳಲ್ಲಿ ಬಗೆಬಗೆಯಾಗಿದೆ. ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ರನ್ನರ್ ಎಂದರೆ ಆಡುವ ವ್ಯಕ್ತಿ ಕ್ರೀಸಿನಲ್ಲೇ ಉಳಿಯುತ್ತಾರೆ, ಓಟವಷ್ಟೇ ಬೇರೆಯವರದು. ಪಂದ್ಯದ ನಡುವೆ ಗಾಯವಾಗಿದ್ದರೆ ಮಾತ್ರ ಈ ಸೌಲಭ್ಯ. ಓಡುವವರು ಅದೇ ತಂಡದವರಾಗಿರಬೇಕು. ಸಾಧ್ಯವಾದರೆ ಆ ಇನ್ನಿಂಗ್ಸ್‌ನಲ್ಲಿ ಆಗಲೇ ಆಡಿ ಮುಗಿಸಿದವರಾಗಿರಬೇಕು. ಬ್ಯಾಟು, ಪ್ಯಾಡುಗಳನ್ನೂ ಹೊತ್ತು ಓಡಬೇಕು. ವಾಲಿಬಾಲ್ ಆಟದಲ್ಲಿ ನಿಯಮ ಬೇರೆ. ಒಂದು ಸೆಟ್ಟಿನಲ್ಲಿ ಹೊರಗೆ ಬಂದ ಆಟಗಾರ ಅದೇ ಸೆಟ್ಟಿನಲ್ಲಿ ಒಮ್ಮೆ ಮಾತ್ರ ತನ್ನ ಜಾಗಕ್ಕೆ ಹಿಂದಿರುಗಬಹುದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಅದೂ ಇಲ್ಲ. ಅಲ್ಲಿ ಪಿಂಚ್ ರನ್ನರ್ ಎಂಬ ಬದಲಿ ಓಟಗಾರನು ಒಳಗೆ ಬಂದನೆಂದರೆ, ಯಾರ ಬದಲಿಗೆ ಬಂದನೋ ಅವರು ಆ ಪಂದ್ಯಕ್ಕೆ ಮತ್ತೆ ಕಾಲಿಡುವಂತಿಲ್ಲ. 2023ರಲ್ಲಿ ಐಪಿಎಲ್‌ಗೆ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮವನ್ನು ನೋಡಿದವರಿಗೆ ಇದು ಹೊಸದೆನಿಸಲಾರದು.

ನಮ್ಮ ಅಂಗಡಿ, ಮಿಲ್ಲು, ಕಾರ್ಖಾನೆಗಳಲ್ಲಿ ಹಿರಿಯರ ಬದಲಿಗೆ ಕಿರಿಯರು ಓಡುವ ಸಂದರ್ಭಗಳಲ್ಲಿ ಈ ಮೂರೂ ಬಗೆಗಳಿವೆ. ಯಾವ ಬಗೆಯದನ್ನು ಮಾಡುತ್ತಿದ್ದೇವೆಂಬುದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ನಷ್ಟದ ಮೂಲ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕ್ರಿಕೆಟ್ಟಿನ ವಿಷಯ. 2010ರ ಅಕ್ಟೋಬರಿನಲ್ಲಿ ಮೊಹಾಲಿಯಲ್ಲಿ ನಡೆದ ಟೆಸ್ಟ್ ಪಂದ್ಯವನ್ನು ನಮ್ಮಲ್ಲಿ ಅನೇಕರು ವ್ಯಾಪಾರ ಬಿಟ್ಟು ಟಿವಿಯಲ್ಲಿ ನೋಡಿದ್ದೇವೆ. ಆಸ್ಟ್ರೇಲಿಯದ ವಿರುದ್ಧ ಗೆಲ್ಲಲು 216 ರನ್ನು ಬೇಕಿದ್ದಾಗ ಭಾರತ 124ಕ್ಕೆ 8 ವಿಕೆಟ್ ಕಳೆದುಕೊಂಡಿತ್ತು. ಬೆನ್ನುನೋವಿನಿಂದ ಬಳಲುತ್ತಿದ್ದ ವಿ.ವಿ.ಎಸ್. ಲಕ್ಷ್ಮಣ್ ಅವರು ಕ್ರೀಸಿನಲ್ಲಿ ನಿಂತರು; ಸುರೇಶ್ ರೈನಾ ಅವರ ಪರವಾಗಿ ಓಡಿದರು. ಇಶಾಂತ್ ಶರ್ಮ 31 ರನ್ನು ಗಳಿಸಿ ಜೊತೆ ನೀಡಿದರು. ಕೊನೆಯ ಜೋಡಿಯಾಗಿ ಬಂದ ಪ್ರಜ್ಞಾನ್ ಓಝಾ ಓಟಕ್ಕೆ ಹಿಂದೆಮುಂದೆ ನೋಡಿದಾಗ, ಎಂದೂ ದನಿಯೆತ್ತದ ಲಕ್ಷ್ಮಣ್ ಅವರೇ ಬ್ಯಾಟೆತ್ತಿ ಕೂಗಿಕೊಂಡರು. ಭಾರತ ಒಂದು ವಿಕೆಟ್ಟಿನಿಂದ ಗೆದ್ದಿತು. ಲಕ್ಷ್ಮಣ್ ಅಜೇಯ 73. ಅವರ ಕಾಲಿಗೆ ಬದಲಿ ಸಿಕ್ಕಿತು, ಕೈಗೆ ಬದಲಿ ಇರಲಿಲ್ಲ. ಅಂಥಲ್ಲಿ ರನ್ನರ್ ಸರಿಯಾದ ಏರ್ಪಾಡು. ಕೈ ಬೇಕು, ಕಾಲು ಬೇಡ.

ಆದರೆ ಸೌಲಭ್ಯವು ಸುಖಕ್ಕೆ ತಿರುಗುವುದು ತಡವಲ್ಲ. 1997ರ ಮೇ ತಿಂಗಳಿನಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ಸಯೀದ್ ಅನ್ವರ್ ನಮ್ಮ ವಿರುದ್ಧ 194 ರನ್ನು ಹೊಡೆದಾಗ ಬಹುಪಾಲು ಓಡಿದವರು ಶಾಹಿದ್ ಅಫ್ರಿದಿ. 2009ರ ಚಾಂಪಿಯನ್ಸ್ ಟ್ರೋಫಿಯಲ್ಲಿ ದಕ್ಷಿಣ ಆಫ್ರಿಕದ ಗ್ರೇಮ್ ಸ್ಮಿತ್ ಶತಕ ದಾಟಿ ಕಾಲು ಹಿಡಿದುಕೊಂಡಾಗ ರನ್ನರ್ ಕೇಳಿದರು. ಇಂಗ್ಲೆಂಡಿನ ನಾಯಕ ಆಂಡ್ರ್ಯೂ ಸ್ಟ್ರಾಸ್ ಒಪ್ಪಲಿಲ್ಲ. ಆಯಾಸ ಬೇರೆ, ಗಾಯ ಬೇರೆ ಎಂಬುದು ಅವರ ನಿಲುವು. ಕೊನೆಗೆ 2011ರ ಅಕ್ಟೋಬರ್ 1ರಿಂದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ರನ್ನರ್ ಪದ್ಧತಿಯನ್ನೇ ಐಸಿಸಿ ಕೈಬಿಟ್ಟಿತು. ನಮ್ಮ ಊರುಗಳ ಮೈದಾನಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ. ನಮ್ಮ ಮಂಡಿಗಳಲ್ಲಿಯೂ ಉಳಿದುಕೊಂಡಿದೆ.

ಇನ್ನು ಬೇಸ್‌ಬಾಲ್. 2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಬಾಸ್ಟನ್ ನಗರದ ಬಳಿಗೆ ಹೋಗಿದ್ದಾಗ ಅಳಿಯಂದಿರು ಒಂದು ಪಂದ್ಯಕ್ಕೆ ಕರೆದುಕೊಂಡು ಹೋದರು. ಮೊದಲ ಒಂದು ಗಂಟೆ ನನಗೇನೂ ಅರ್ಥವಾಗಲಿಲ್ಲ. ವಜ್ರದ ಆಕಾರದಲ್ಲಿ ನಾಲ್ಕು ಮೂಲೆಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಹೊಡೆದವನು ಮೊದಲ ಮೂಲೆ ತಲಪಿದರೆ ಅಲ್ಲೇ ನಿಂತು ಕಾಯಬೇಕು. ಹಿಂದೆ ಬರುವವರ ಹೊಡೆತದಿಂದಲೋ ತನ್ನ ಚುರುಕಿನಿಂದಲೋ ಸುತ್ತು ಪೂರೈಸಿ ಮನೆ ಸೇರಿದರೆ ಒಂದು ರನ್ನು. ಮೂವರು ಔಟಾದರೆ ಆ ಸರದಿ ಮುಗಿಯಿತು. ಇಂಥ ಒಂಬತ್ತು ಸರದಿಗಳಲ್ಲಿ ಒಂದು ತಂಡ ಸಾಮಾನ್ಯವಾಗಿ ನಾಲ್ಕೈದು ರನ್ನು ಗಳಿಸುತ್ತದೆ. ಆದ್ದರಿಂದ ಅಲ್ಲಿ ಒಂದು ರನ್ನೆಂದರೆ ನಮ್ಮ ಇಪ್ಪತ್ತು ಮೂವತ್ತು ರನ್ನಿಗೆ ಸಮ.

ಎಂಟನೆಯ ಸರದಿಯಲ್ಲಿ ಭಾರಿ ಮೈಕಟ್ಟಿನ ಹೊಡೆತಗಾರನೊಬ್ಬ ಮೊದಲ ಮೂಲೆ ತಲಪಿದ. ಅವನು ಬಂದ ಕೆಲಸ ಮುಗಿಯಿತೋ ಎಂಬಂತೆ ಒಳಗಿನಿಂದ ತೆಳ್ಳನೆಯ ಯುವಕನೊಬ್ಬ ಓಡಿ ಬಂದು ಅಲ್ಲಿ ನಿಂತ. ದಪ್ಪನೆಯವನು ಕೈಕುಲುಕಿ ಹೊರಗೆ ನಡೆದ. ಜನ ಎದ್ದು ಚಪ್ಪಾಳೆ ತಟ್ಟಿದರು. ‘ಮತ್ತೆ ಅವರು ಯಾವಾಗ ಬರುತ್ತಾರೆ?’ ಎಂದು ಕೇಳಿದೆ. ‘ಬರೋದಿಲ್ಲ ಮಾವ, ಅವರದು ಇವತ್ತಿಗೆ ಮುಗೀತು’ ಎಂದರು ಅಳಿಯಂದಿರು. ಮೂಲೆಯಿಂದ ಹೊರಟ ಆ ದಪ್ಪನೆಯವನ ಮುಖದಲ್ಲಿ ನನಗೆ ಬೇಸರ ಕಾಣಲಿಲ್ಲ. ಆ ಸಂಗತಿ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಬಂದ ಮೇಲೆ ಆ ವಿಷಯವನ್ನು ಸ್ವಲ್ಪ ಓದಿಕೊಂಡೆ. ಬದಲಿ ಓಟಗಾರನನ್ನು ಯಾವಾಗ ಕರೆಯಬೇಕೆಂಬುದು ಅಲ್ಲಿಯ ತಂಡದ ಮ್ಯಾನೇಜರುಗಳಿಗೆ ನಿತ್ಯದ ತಲೆನೋವು. ನೋಟಕ್ಕೆ ಸುಲಭ: ನಿಧಾನದವನನ್ನು ತೆಗೆ, ವೇಗದವನನ್ನು ಹಾಕು. ಲೆಕ್ಕಕ್ಕೆ ಕುಳಿತರೆ ಹಾಗಲ್ಲ. ಮೂರು ರನ್ನು ಹಿಂದಿರುವಾಗ ಒಬ್ಬ ವೇಗಿಯಿಂದ ಏನೂ ಆಗದು. ಮೂರು ರನ್ನು ಮುಂದಿರುವಾಗ ಅವನ ಅಗತ್ಯವಿಲ್ಲ. ಸಮಬಲವಿದ್ದಾಗ ಅಥವಾ ಒಂದೇ ರನ್ನು ಹಿಂದಿದ್ದಾಗ, ಅದೂ ಪಂದ್ಯದ ಕೊನೆಯ ಭಾಗದಲ್ಲಿ, ಅವನಿಗೆ ಬೆಲೆ ಬರುತ್ತದೆ. ಎರಡನೆಯ ಮೂಲೆಯಲ್ಲಿ ನಿಂತ ವೇಗಿ ಸಾಧಾರಣ ಹೊಡೆತಕ್ಕೂ ಮನೆ ಸೇರುತ್ತಾನೆ, ನಿಧಾನದವನು ಮೂರನೆಯದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಲಾಭದ ಬಾಬ್ತು ಇಷ್ಟೇ.

ಖರ್ಚಿನ ಬಾಬ್ತು ಕಣ್ಣಿಗೆ ಕಾಣುವುದಿಲ್ಲ. ನಿಧಾನದವನು ಸಾಮಾನ್ಯವಾಗಿ ತಂಡದ ಬಲವಾದ ಹೊಡೆತಗಾರ. ಒಂಬತ್ತು ಮಂದಿಯ ಸರದಿ ಸುತ್ತುತ್ತಲೇ ಇರುತ್ತದೆ. ಪಂದ್ಯ ಸಮವಾಗಿ ಹತ್ತನೆಯ, ಹನ್ನೊಂದನೆಯ ಸರದಿಗೆ ಬೆಳೆದರೆ ಆ ಜಾಗ ಮತ್ತೆ ಬರುತ್ತದೆ. ಆಗ ಬ್ಯಾಟು ಹಿಡಿಯುವವನು ಯಾರು? ಓಡಲೆಂದು ಬಂದ ತೆಳ್ಳನೆಯ ಯುವಕ! ಮೈದಾನದಲ್ಲಿ ಹೊರಹೋದವನ ಜಾಗ ಕಾಯುವವನು ಯಾರು? ದೊಡ್ಡ ಲೀಗಿನಲ್ಲಿ ತಂಡಕ್ಕೆ 26 ಮಂದಿ, ಅದರಲ್ಲಿ ಚೆಂಡೆಸೆಯುವವರೇ 13ರವರೆಗೆ ಇರುತ್ತಾರೆ. ಬೆಂಚಿನಲ್ಲಿ ಉಳಿಯುವವರು ನಾಲ್ಕೇ ಮಂದಿ. ಒಬ್ಬನನ್ನು ಈಗ ಬಳಸಿದರೆ ಮುಂದೆ ಮೂವರು. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಇವನು ಎಷ್ಟು ವೇಗ?’ ಎಂಬುದಲ್ಲ, ‘ಹೊರಹೋಗುವವನ ಸರದಿ ಪಂದ್ಯ ಮುಗಿಯುವುದರೊಳಗೆ ಮತ್ತೆ ಬರುತ್ತದೆಯೇ?’ ಎಂಬುದು. ಬರುವುದಿಲ್ಲವೆಂದಾದರೆ ಧೈರ್ಯವಾಗಿ ಬದಲಿಸಬಹುದು. ಬರುವ ಸಂಭವವಿದ್ದರೆ ಕೈ ತಡೆಯಬೇಕು.

ಎರಡು ಉದಾಹರಣೆಗಳನ್ನು ಕೊಡುತ್ತೇನೆ; ಎರಡೂ ಒಂಬತ್ತನೆಯ ಸರದಿಯವು, ಎರಡೂ ಒಂದೇ ರನ್ನು ಹಿಂದಿದ್ದಾಗಿನವು. 2004ರ ಅಕ್ಟೋಬರ್ 17ರಂದು ಬಾಸ್ಟನ್ ತಂಡವು ನ್ಯೂಯಾರ್ಕಿನ ಯಾಂಕೀಸ್ ತಂಡದ ಎದುರು ಸರಣಿಯಲ್ಲಿ ಮೂರು ಪಂದ್ಯ ಸೋತು, ನಾಲ್ಕನೆಯದರಲ್ಲಿಯೂ 4-3ರಿಂದ ಹಿಂದಿತ್ತು. ಕೆವಿನ್ ಮಿಲರ್ ಮೊದಲ ಮೂಲೆ ತಲಪಿದಾಗ ಅವರ ಬದಲಿಗೆ ಡೇವ್ ರಾಬರ್ಟ್ಸ್ ಬಂದರು. ಅವರು ಓಡಿ ಕದಿಯಲೆಂದೇ ಬಂದಿದ್ದಾರೆಂಬುದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತು. ಎದುರಾಳಿ ಮರಿಯಾನೊ ರಿವೇರಾ ಮೂರು ಬಾರಿ ಮೊದಲ ಮೂಲೆಗೆ ಚೆಂಡೆಸೆದು ಬೆದರಿಸಿದರು. ರಾಬರ್ಟ್ಸ್ ಮುಂದಿನ ಎಸೆತಕ್ಕೇ ಎರಡನೆಯ ಮೂಲೆಯನ್ನು ಕದ್ದರು. ಬಿಲ್ ಮುಲ್ಲರ್ ಹೊಡೆತಕ್ಕೆ ಮನೆ ಸೇರಿದರು. ಪಂದ್ಯ ಸಮವಾಯಿತು, 12ನೆಯ ಸರದಿಯಲ್ಲಿ ಬಾಸ್ಟನ್ ಗೆದ್ದಿತು, ಸರಣಿಯನ್ನೂ ಗೆದ್ದು, 1918ರ ನಂತರ ಮೊದಲ ಬಾರಿಗೆ ವಿಶ್ವ ಸರಣಿಯನ್ನೂ ಗೆದ್ದಿತು. ಮಿಲರ್ ಅವರ ಜಾಗ ಹಿಡಿಯಲು ಬೆಂಚಿನಲ್ಲಿ ಬೇರೆಯವರಿದ್ದರೆಂಬುದನ್ನು ಗಮನಿಸಬೇಕು.

ಇನ್ನೊಂದು ಅದಕ್ಕೆ ಮೂವತ್ತು ವರ್ಷ ಹಿಂದಿನದು. ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಅವರು ಹರ್ಬ್ ವಾಷಿಂಗ್ಟನ್ ಎಂಬ ಓಟದ ಸ್ಪರ್ಧೆಗಳ ಶೂರನನ್ನು, ಬೇಸ್‌ಬಾಲಿನ ಅನುಭವ ಅಷ್ಟಾಗಿ ಇಲ್ಲದಿದ್ದರೂ, ಓಡುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡರು. 1974, 1975ರಲ್ಲಿ ಒಟ್ಟು 105 ಪಂದ್ಯಗಳಲ್ಲಿ ಕಾಣಿಸಿಕೊಂಡ ಅವರು ಒಮ್ಮೆಯೂ ಬ್ಯಾಟು ಹಿಡಿಯಲಿಲ್ಲ. 48 ಬಾರಿ ಮೂಲೆ ಕದಿಯಲು ಹೋಗಿ 31 ಬಾರಿ ಗೆದ್ದರು, 17 ಬಾರಿ ಸಿಕ್ಕಿಬಿದ್ದರು. ಹತ್ತಕ್ಕೆ ಏಳು ಬಾರಿಯಾದರೂ ಗೆಲ್ಲದಿದ್ದರೆ ಕದಿಯದಿರುವುದೇ ಲೇಸೆಂಬುದು ಅಲ್ಲಿನ ಲೆಕ್ಕಿಗರ ಮಾತು. ಇವರದು ಹತ್ತಕ್ಕೆ ಆರೂವರೆಗೆ ನಿಂತಿತು. 1974ರ ವಿಶ್ವ ಸರಣಿಯ ಎರಡನೆಯ ಪಂದ್ಯದ ಒಂಬತ್ತನೆಯ ಸರದಿಯಲ್ಲಿ ಎರಡು ರನ್ನು ತಂದುಕೊಟ್ಟಿದ್ದ ಜೋ ರೂಡಿ ಅವರನ್ನು ತೆಗೆದು ಇವರನ್ನು ನಿಲ್ಲಿಸಿದರು. ಎದುರಾಳಿ ಮೈಕ್ ಮಾರ್ಷಲ್ ಥಟ್ಟನೆ ತಿರುಗಿ ಚೆಂಡೆಸೆದು ನಿಂತಲ್ಲೇ ಔಟ್ ಮಾಡಿದರು. ಓಕ್ಲೆಂಡ್ ಆ ಪಂದ್ಯವನ್ನು 3-2ರಿಂದ ಸೋತಿತು.

ಬದಲಿಸಿದ ಹೊತ್ತು ಎರಡು ಕಡೆಯೂ ಸರಿಯೇ ಇತ್ತು; ಕಳುಹಿಸಿದ ಮನುಷ್ಯರಲ್ಲಿ ವ್ಯತ್ಯಾಸ. ರಾಬರ್ಟ್ಸ್ ಆಟವನ್ನು ಬಲ್ಲವರು, ಬೆಂಚಿನಲ್ಲಿ ಕುಳಿತೂ ಎದುರಾಳಿಯ ಕೈಚಳಕವನ್ನು ಗಮನಿಸುತ್ತಿದ್ದವರು. ವಾಷಿಂಗ್ಟನ್‌ಗೆ ಕಾಲಿತ್ತು, ಕಣ್ಣಿರಲಿಲ್ಲ. ದುರ್ಗದವರಾದ ನಮಗೆ ಇದು ಹೊಸ ಪಾಠವಲ್ಲ. ಕಾವಲಿನ ಗಂಡ ಊಟಕ್ಕೆ ಕುಳಿತಾಗ ಅವನ ಬದಲಿಗೆ ನಿಂತ ಓಬವ್ವನ ಕಥೆಯನ್ನು ನಾವು ತೊಟ್ಟಿಲಲ್ಲೇ ಕೇಳಿದವರು. ಅವಳು ದಿನವೂ ನೀರಿಗೆ ಬಂದು ಹೋಗುತ್ತಿದ್ದ ಜಾಗವಾದ್ದರಿಂದ ಕಿಂಡಿಯ ಗುಟ್ಟು ಅವಳಿಗೆ ಗೊತ್ತಿತ್ತು. ಯಾವ ಕಲ್ಲಿನ ಮರೆಯಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒನಕೆ ಎಲ್ಲರ ಮನೆಯಲ್ಲಿಯೂ ಇತ್ತು.

ನಮ್ಮಲ್ಲಿ ಕೆಲವರು ಮಕ್ಕಳನ್ನು ಬೆಂಗಳೂರಿನಲ್ಲಿ ಓದಿಸಿ, ಪದವಿ ಮುಗಿದ ಮರುದಿನವೇ ಗಲ್ಲೆಯ ಮೇಲೆ ಕೂರಿಸುತ್ತಾರೆ. ಭೀಮಸಮುದ್ರದ ಅಡಿಕೆಯನ್ನು ಒಂದು ಹಿಡಿ ಎತ್ತಿ ಅಲುಗಿಸಿ, ಅದು ರಾಶಿಯೋ ಬೆಟ್ಟೆಯೋ ಕೆಂಪುಗೋಟೋ, ಒಣಗಿದ್ದು ಎಷ್ಟು, ಮಳೆ ಹೊಡೆದದ್ದು ಎಷ್ಟು ಎಂದು ಹೇಳುವುದಕ್ಕೆ ಕಾಲೇಜಿನಲ್ಲಿ ಕಲಿಸುವುದಿಲ್ಲ. ಹೊಸದುರ್ಗದ ಕೊಬ್ಬರಿಯವರಿಗೂ ಹಿರಿಯೂರಿನ ಈರುಳ್ಳಿಯವರಿಗೂ ಈ ಮಾತು ಅನ್ವಯಿಸುತ್ತದೆ. ಅದೇ ಹೊತ್ತಿನಲ್ಲಿ, 2017ರ ಜುಲೈ 1ರಿಂದ ಜಿಎಸ್‌ಟಿ, ಅದರ ಮರುವರ್ಷ ಇ-ವೇ ಬಿಲ್ ಬಂದ ಮೇಲೆ, ಹಿರಿಯರ ಕಣ್ಣು ಕೈ ಮಾತ್ರದಿಂದ ವ್ಯಾಪಾರ ನಡೆಯುವುದಿಲ್ಲವೆಂಬುದೂ ಸತ್ಯ. ಲಾರಿ ಹೊರಡುವ ಮುನ್ನ ಕಂಪ್ಯೂಟರಿನ ಮುಂದೆ ಕೂರುವವರು ಬೇಕು. ಅಂದರೆ ಈಗ ಕಾಲು ಒಬ್ಬರದು, ಕೈ ಇನ್ನೊಬ್ಬರದು. ಇದು ಕ್ರಿಕೆಟ್ಟಿನ ರನ್ನರ್ ಏರ್ಪಾಡು. ತಾತ್ಕಾಲಿಕವಾಗಿ ಇದು ತಪ್ಪಲ್ಲ. ಆದರೆ ಒಂದು ನಿಯಮ ಪಾಲಿಸಲೇಬೇಕು: ರನ್ನರ್ ಓಡುವಾಗ ಕ್ರೀಸಿನಲ್ಲಿರುವವರು ಕದಲಬಾರದು.

ನನ್ನ ತಂದೆಯವರು ಅದನ್ನು ಪಾಲಿಸಲಿಲ್ಲ. ಅವರ ಮಗನಾಗಿ ನಾನೂ ಪಾಲಿಸಲಿಲ್ಲ. ಅವರಿಗೆ ಎಪ್ಪತ್ತು ದಾಟಿ ಕಾಲು ಸೋತಾಗ ವಸೂಲಿಗೂ ಮಾತುಕತೆಗೂ ನನ್ನನ್ನು ಓಡಿಸಿದರು. ವಾರದಲ್ಲಿ ಎರಡು ದಿನ ಹೊಳಲ್ಕೆರೆ, ಒಂದು ದಿನ ಹೊಸದುರ್ಗ. ಒಮ್ಮೆ ಹೊರ ರಾಜ್ಯದ ಖರೀದಿದಾರರೊಬ್ಬರಿಗೆ ನಾನು ಒಂದು ದರ ಹೇಳಿ ಮುಗಿಸಿ ಬಂದಿದ್ದೆ. ಅದೇ ಸಂಜೆ ಅವರು ಮನೆಗೆ ಫೋನು ಮಾಡಿ ತಂದೆಯವರ ಯೋಗಕ್ಷೇಮ ವಿಚಾರಿಸಿದರು. ಹಳೆಯ ಸ್ನೇಹ. ಮಾತಿನ ನಡುವೆ ತಂದೆಯವರು ಕ್ವಿಂಟಾಲಿಗೆ ಇನ್ನಷ್ಟು ಇಳಿಸಿ ಒಪ್ಪಿಕೊಂಡುಬಿಟ್ಟರು. ರೈತರಿಗೆ ನಾನು ಕೊಟ್ಟ ಮಾತು ಬೇರೆ, ಖರೀದಿದಾರರಿಗೆ ಮನೆಯಿಂದ ಹೋದ ಮಾತು ಬೇರೆ. ನಡುವಿನ ವ್ಯತ್ಯಾಸವನ್ನು ಮಂಡಿಯೇ ಹೊತ್ತಿತು. ಹಣಕ್ಕಿಂತ ದೊಡ್ಡ ನಷ್ಟವೆಂದರೆ, ಮುಂದಿನ ಎರಡು ಸುಗ್ಗಿ ಆ ಖರೀದಿದಾರರು ನನ್ನೊಡನೆ ದರ ಮುಗಿಸುತ್ತಲೇ ಇರಲಿಲ್ಲ. ‘ದೊಡ್ಡವರನ್ನು ಒಂದು ಮಾತು ಕೇಳಿಬಿಡೋಣ’ ಎನ್ನುತ್ತಿದ್ದರು. ಓಡಿದ್ದೆ, ಆದರೆ ನನ್ನ ಓಟ ಲೆಕ್ಕಕ್ಕೆ ಬರಲಿಲ್ಲ.

ತಂದೆಯವರ ಮೇಲೆ ಮುನಿಸಿಕೊಂಡವನು ಹೋದ ವರ್ಷ ನಾನೇ ಅದನ್ನು ಮಾಡಿದೆ. ಹಿರಿಯೂರು ಕಡೆಯ ಒಬ್ಬ ಪರಿಚಯಸ್ಥರಿಗೆ ಇನ್ನು ಸಾಲ ಬೇಡವೆಂದು ಮಗ ನಿರ್ಧರಿಸಿದ್ದ. ಅವರು ಮದುವೆಯೊಂದರಲ್ಲಿ ಸಿಕ್ಕಾಗ ‘ಮಗನಿಗೆ ಹೇಳ್ತೀನಿ ಬಿಡಿ’ ಎಂದೆ. ಮಗ ಎದುರು ಮಾತಾಡಲಿಲ್ಲ. ಮಾಲು ಕಳುಹಿಸಿದ; ಹಣ ಈವರೆಗೆ ಬಂದಿಲ್ಲ. ‘ಅಪ್ಪಾಜಿ, ನಾನು ಓಡೋದಾದ್ರೆ ನೀವು ನಿಂತ್ಕೋಬೇಕು’ ಎಂದು ಅವನು ಅಂದದ್ದು ಮೈದಾನದ ಆ ಘಟನೆಗೂ ಮೊದಲೇ.

ಹಾಗಾದರೆ ಬೇಸ್‌ಬಾಲಿನವರಂತೆ ಪೂರ್ತಿ ಹೊರನಡೆಯುವುದೇ ಸರಿಯೆ? ಅದಕ್ಕೂ ಹೊತ್ತು ನೋಡಬೇಕು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಕೆಲವೇ ವರ್ಷ ಮೊದಲು ಹೊಳಲ್ಕೆರೆ, ಹೊಸದುರ್ಗ ಕಡೆ ಸಾಲ ತೆಗೆದು ಲಾರಿ ಕೊಂಡವರೆಷ್ಟೋ ಮಂದಿ. ನನಗೆ ಪರಿಚಿತವಾದ ಒಂದು ಮನೆಯಲ್ಲಿ ಹಿರಿಯರು ಎಲ್ಲವನ್ನೂ ಬಿಟ್ಟುಕೊಟ್ಟು ತೀರ್ಥಯಾತ್ರೆಗೆ ಹೊರಟಿದ್ದರು. ಮಕ್ಕಳು ಹಳೆಯ ಎಣ್ಣೆ ಮಿಲ್ಲಿನ ಬಂಡವಾಳವನ್ನು ಲಾರಿಗೆ ಹಾಕಿದರು. ಸಮೃದ್ಧಿಯ ಕಾಲದಲ್ಲಿ ವೇಗದ ಓಟ ಚೆನ್ನಾಗಿಯೇ ಕಂಡಿತು. ಚಕ್ರ ನಿಂತಾಗ ಬೇಕಾಗಿದ್ದುದು ಬರಗಾಲ ಕಂಡ ಕೈ. ಪಂದ್ಯ ಹನ್ನೊಂದನೆಯ ಸರದಿಗೆ ಬೆಳೆದಿತ್ತು. ಬ್ಯಾಟು ಹಿಡಿಯಬೇಕಾದವರು ಹೊರಗಿದ್ದರು. ನನ್ನ ದೃಷ್ಟಿಯಲ್ಲಿ ಅಲ್ಲಿ ಬದಲಾವಣೆ ತೀರ ಬೇಗನೆ ಆಯಿತು.

ತಡವಾದದ್ದರ ಉದಾಹರಣೆಗಳು ಇನ್ನೂ ಹೆಚ್ಚು. ಒಂದೊಂದು ಪೇಟೆಯಲ್ಲಿಯೂ ಎರಡು ಮೂರು ಸಿಗುತ್ತವೆ. ಏಕಮಾಲೀಕತ್ವದ ಅಂಗಡಿ, ಎಲ್ಲವೂ ಹಿರಿಯರ ಹೆಸರಿನಲ್ಲಿ. ಒಂದು ಬೆಳಿಗ್ಗೆ ಅವರು ಏಳುವುದಿಲ್ಲ. ಮಾಲು ಗೋದಾಮಿನಲ್ಲಿದೆ, ಬ್ಯಾಂಕಿನ ಖಾತೆ ನಿಂತಿದೆ, ಜಿಎಸ್‌ಟಿ ಸಂಖ್ಯೆ ತೀರಿಕೊಂಡವರದು. ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ನೋಂದಣಿ ಪಡೆದು, ಹಳೆಯ ಖಾತೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಸುಗ್ಗಿಯ ನಡುವೆ ಇದೆಲ್ಲ ಮುಗಿಯುವುದರೊಳಗೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿರುತ್ತಾರೆ. ಓಟಗಾರ ಬೆಂಚಿನ ಮೇಲೆ ಕಾಯುತ್ತಿರುವಾಗಲೇ ಮೂರನೆಯ ಔಟ್ ಬಿದ್ದಂತೆ.

ಬೇಗ, ತಡ ಎಂಬುದನ್ನು ವಯಸ್ಸಿನಿಂದ ಅಳೆಯಲಾಗದು. ಅರವತ್ತಕ್ಕೆ ನಿಲ್ಲಬೇಕೆಂಬ ಸರ್ಕಾರಿ ನಿಯಮ ನಮಗೆ ಹೊಂದದು. ನಾನು ಬಳಸುವ ಅಳತೆ ಆ ಮ್ಯಾನೇಜರುಗಳದೇ: ನಾನು ಮಾತ್ರ ಮಾಡಬಲ್ಲ ಕೆಲಸ ಮುಂದಿನ ಎರಡು ಸುಗ್ಗಿಗಳಲ್ಲಿ ಎಷ್ಟು ಬಾರಿ ಬರುತ್ತದೆ? ಈ ವರ್ಷದ ಡೈರಿಯನ್ನು ತಿರುವಿ ನೋಡಿದೆ. ದಿನನಿತ್ಯದ ಖರೀದಿಯಲ್ಲಿ ಮಗನ ಅಂದಾಜಿಗೂ ನನ್ನದಕ್ಕೂ ವ್ಯತ್ಯಾಸ ಬಂದದ್ದು ಏಳು ಬಾರಿ. ಅದರಲ್ಲಿ ನಾಲ್ಕು ಬಾರಿ ಅವನದೇ ಸರಿಯಾಗಿತ್ತು. ಈ ಲೆಕ್ಕವನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಒಂದು ಕಡೆ ಮಾತ್ರ ಅವನಿಗೆ ಇನ್ನೂ ನಾನು ಬೇಕು: ದರ ಒಮ್ಮೆಲೇ ಕುಸಿದಾಗ ಮಾಲನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನದಲ್ಲಿ. ಅಂಥ ಕುಸಿತವನ್ನು ಅವನು ಗಲ್ಲೆಯ ಮೇಲೆ ಕುಳಿತು ಇನ್ನೂ ಕಂಡಿಲ್ಲ.

ಹೊರಗೆ ಹೋಗುವುದಾದರೆ ಕಾಗದದ ಮೇಲೆಯೂ ಹೋಗಬೇಕು. ಪಾಲುದಾರಿಕೆ ಸಂಸ್ಥೆಯಿಂದ ನಿವೃತ್ತರಾದವರು ಸಾರ್ವಜನಿಕ ಪ್ರಕಟಣೆ ನೀಡದಿದ್ದರೆ, 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಮುಂದಿನ ವ್ಯವಹಾರಗಳಿಗೂ ಹೊರಗಿನವರ ಎದುರು ಹೊಣೆಗಾರರಾಗಿಯೇ ಉಳಿಯಬಹುದು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಸ್ಥಳೀಯ ಭಾಷೆಯ ಪತ್ರಿಕೆಯೊಂದರಲ್ಲಿಯೂ ಪ್ರಕಟಿಸಬೇಕು. ಬ್ಯಾಂಕಿನಲ್ಲಿ ಕೊಟ್ಟ ಜಾಮೀನು ತಾನಾಗಿಯೇ ಬಿಡುಗಡೆಯಾಗುವುದಿಲ್ಲ. ಬರೆದು ಕೇಳಿ ಬಿಡಿಸಿಕೊಳ್ಳಬೇಕು. ತಂದೆ, ಮಗ ಇಬ್ಬರೇ ಪಾಲುದಾರರಾಗಿದ್ದರೆ ಒಬ್ಬರು ಹೊರಟ ಮೇಲೆ ಪಾಲುದಾರಿಕೆಯೇ ಉಳಿಯುವುದಿಲ್ಲ. ಮೊದಲೇ ಸೊಸೆಯನ್ನೋ ಮಗಳನ್ನೋ ಸೇರಿಸಿಕೊಳ್ಳುವುದು ಒಳ್ಳೆಯದು. ಹೆಣ್ಣುಮಕ್ಕಳನ್ನು ಬೆಂಚಿನ ಮೇಲೂ ಕೂರಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಒನಕೆ ಹಿಡಿದವಳ ಊರಿನಲ್ಲಿ ಇದು ವಿಚಿತ್ರ.

ನಮ್ಮ ಸಂಘಕ್ಕೆ ನನ್ನದೊಂದು ಸಲಹೆಯಿದೆ. ಪ್ರತಿ ವರ್ಷ ಬಜೆಟ್ ಬಗ್ಗೆ, ತೆರಿಗೆಯ ಬಗ್ಗೆ ಸಭೆಗಳನ್ನು ನಡೆಸುತ್ತೇವೆ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ವರ್ಷಕ್ಕೊಂದು ಬಾರಿ ಒಬ್ಬ ಲೆಕ್ಕಪರಿಶೋಧಕರನ್ನೂ ಒಬ್ಬ ವಕೀಲರನ್ನೂ ಕೂರಿಸಿ, ವ್ಯವಹಾರವನ್ನು ಮುಂದಿನವರಿಗೆ ಒಪ್ಪಿಸುವ ಬಗ್ಗೆ ಅರ್ಧ ದಿನದ ಸಭೆ ಏರ್ಪಡಿಸಬೇಕು. ಒಂದೇ ಷರತ್ತು: ಹಿರಿಯರು ಒಬ್ಬರೇ ಬರಕೂಡದು, ಓಡುವವರನ್ನೂ ಕರೆತರಬೇಕು. ಈ ಮಾತುಗಳನ್ನು ಮನೆಯಲ್ಲಿ ಆಡಲು ಇಬ್ಬರಿಗೂ ಸಂಕೋಚ. ಸಾವಿನ ಮಾತು ತೆಗೆದಂತೆ ಆಗುತ್ತದೆ. ಸಭೆಯಲ್ಲಿ ಹತ್ತು ಮನೆಯವರ ನಡುವೆ ಕುಳಿತಾಗ ಅದು ವ್ಯವಹಾರದ ಮಾತಾಗುತ್ತದೆ.

ಕ್ರೀಡಾ ಸಮಿತಿಯವರಿಗೂ ಒಂದು ಮಾತು: ಮುಂದಿನ ಪಂದ್ಯಾವಳಿಯಲ್ಲಿ ರನ್ನರ್ ಇರಲಿ, ತೆಗೆಯಬೇಡಿ, ನಮ್ಮ ವಯಸ್ಸಿನವರಿಗೆ ಅದು ಬೇಕು. ಆದರೆ ರನ್ನರ್ ಪಡೆದವರ ಕಾಲ ಬಳಿ ಸುಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ.

ನನ್ನ ವಿಷಯದಲ್ಲಿ ತೀರ್ಮಾನವಾಗಿದೆ. ಮಗ, ಸೊಸೆ ಇಬ್ಬರ ಹೆಸರಿನಲ್ಲಿ ಹೊಸ ಪಾಲುದಾರಿಕೆ ಪತ್ರ ಸಿದ್ಧವಾಗಿದೆ. ಬರುವ ಏಪ್ರಿಲ್ 1ರಿಂದ ಅದರಲ್ಲಿ ನನ್ನ ಹೆಸರಿರುವುದಿಲ್ಲ. ಮಂಡಿಯ ಮುಂಬಾಗಿಲಿನ ಬಳಿಯಿದ್ದ ನನ್ನ ಕುರ್ಚಿಯನ್ನು ಒಳಗಿನ ತೂಕದ ಕೋಣೆಗೆ ಹಾಕಿಸಿದ್ದೇನೆ. ದರ ಕುಸಿದ ದಿನ ಮಗ ಅಲ್ಲಿಗೆ ಬಂದು ಕೇಳಿದರೆ ಹೇಳುತ್ತೇನೆ. ಹಳೆಯ ಖರೀದಿದಾರರು ನನ್ನ ಫೋನಿಗೆ ಕರೆ ಮಾಡಿದರೆ ಯೋಗಕ್ಷೇಮ ವಿಚಾರಿಸಿ, ದರದ ಮಾತು ಬಂದ ಕೂಡಲೇ ಫೋನನ್ನು ಮಗನ ಕೈಗೆ ಕೊಡುವುದನ್ನು ಈ ತಿಂಗಳಿನಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಇದುವರೆಗೆ ಎರಡು ಬಾರಿ ಮರೆತಿದ್ದೇನೆ.